ಕಟ್ಟಡ ಕಾರ್ಮಿಕರು ಬದುಕಿರುವಾಗ್ಲೇ ಅವರ ಲೆಕ್ಕ ಇಡಿ: ಕಾರ್ಮಿಕ ಸಚಿವರಿಗೆ, ಮನೆ ಕಟ್ಟಿಸೋರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರೇ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಅಧಿಕಾರಿಗಳೇ, ಮತ್ತೆ ಈಗ 30x40 ಅಡಿ ಸೈಟಲ್ಲಿ ಮನೆ ಕಟ್ಟಿಸ್ತಾ ಇರೋ ಅಣ್ಣಂದಿರೇ, ಅಕ್ಕಂದಿರೇ,

ನಮಸ್ಕಾರ. ನಾನು ರಾಯಚೂರು ಜಿಲ್ಲೆಯವನು. ಅಪ್ಪ ಗಾರೆ ಮೇಸ್ತ್ರಿ, ಅವ್ವ ಬಾಂಡ್ಲಿ ಹೊತ್ತೋಳು, ನಾನು ಡಿಪ್ಲೊಮಾ ಮುಗಿಸ್ಕೊಂಡು ಬೆಂಗಳೂರಲ್ಲಿ ಸೈಟ್ ಸೂಪರ್‌ವೈಸರ್ ಆಗಿ ಕೆಲಸ ಮಾಡ್ತಾ ಇದೀನಿ. ಇದ್ರಲ್ಲಿ ಹೆಚ್ಚಿನದು ಕಣ್ಣಾರೆ ನೋಡಿದ್ದು, ನೋಡಿ ನೋಡಿ ಸುಮ್ನಿರೋಕಾಗದೆ ಬರೀತಿರೋದು, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಬಿಸಿಲಿನಿಂದ್ಲೇ ಶುರು ಮಾಡ್ತೀನಿ. ಏಪ್ರಿಲ್ ಬಂತು ಅಂದ್ರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ ಬಾಗಲಕೋಟೆಯಲ್ಲಿ ಸರ್ಕಾರಿ ಕಚೇರಿಗಳ ಟೈಮ್ ಬದಲಾಗುತ್ತೆ. ಬೆಳಿಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಮುಗೀತು. ಬಿಸಿಲು 40 ಡಿಗ್ರಿ ದಾಟೋ ಊರುಗಳು ಅವು, ಆ ಆದೇಶ ಸರಿಯಾಗೇ ಇದೆ, ಅದ್ರ ಮೇಲೆ ನನಗೆ ಒಂಚೂರೂ ತಕರಾರಿಲ್ಲ. ಆದ್ರೆ ಫ್ಯಾನ್ ಕೆಳಗೆ ಕೂತು ಕೆಲಸ ಮಾಡೋರಿಗೇ ಆ ಬಿಸಿಲು ತಡೆಯೋಕಾಗಲ್ಲ ಅಂತ ಸರ್ಕಾರಕ್ಕೆ ಗೊತ್ತಿದೆ ಅಂದ್ಮೇಲೆ, ಅದೇ ರಾಯಚೂರಲ್ಲಿ ಅದೇ ಮಧ್ಯಾಹ್ನ 2 ಗಂಟೆಗೆ ಸ್ಲ್ಯಾಬ್ ಮೇಲೆ ಕುಕ್ಕರುಗಾಲಲ್ಲಿ ಕೂತು ರಾಡ್ ಕಟ್ಟೋನ ಬಗ್ಗೆ ಯಾಕೆ ಅಷ್ಟೇ ಖಡಕ್ಕಾದ ಒಂದು ಆದೇಶ ಬರಲ್ಲ ಸ್ವಾಮಿ? ಆ ಹೊತ್ತಲ್ಲಿ ರಾಡ್ ಬರಿಗೈಲಿ ಮುಟ್ಟೋಕಾಗಲ್ಲ, ಹುಡುಗ್ರು ಹಳೇ ಬಟ್ಟೆ ಒದ್ದೆ ಮಾಡಿ ಕೈಗೆ ಸುತ್ಕೊಂಡು ಕಟ್ತಾರೆ, ಹತ್ತು ನಿಮಿಷಕ್ಕೆ ಆ ಬಟ್ಟೆ ಒಣಗಿರುತ್ತೆ. ಸಂಜೆ ತಲೆನೋವು, ವಾಂತಿ, ಕಾಲು ಸೆಟೆಯೋದು. "ಬಿಸ್ಲು ಬಡದೈತಿ" ಅಂತ ಮಜ್ಜಿಗೆ ಕುಡಿದು ಮಲ್ಕೋತಾರೆ. ಅವರಲ್ಲಿ ಒಬ್ಬ ಬೆಳಿಗ್ಗೆ ಏಳ್ಲಿಲ್ಲ ಅಂದ್ರೆ ಹಾರ್ಟ್ ಅಟ್ಯಾಕ್ ಅಂತ ಬರ್ಕೊಂಡು ಮುಗಿಸ್ತಾರೆ, ಬಿಸಿಲಿನ ಸಾವು ಅಂತ ಯಾವ ಲೆಕ್ಕಕ್ಕೂ ಹೋಗಲ್ಲ.

ಪಕ್ಕದ ಕೇರಳದಲ್ಲಿ ಬೇಸಿಗೆ ಬಂದ್ರೆ ಕಾರ್ಮಿಕ ಇಲಾಖೆನೇ ಆದೇಶ ಮಾಡುತ್ತೆ, ಮಧ್ಯಾಹ್ನ 12ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸೋ ಹಂಗಿಲ್ಲ ಅಂತ. ಗಲ್ಫಲ್ಲಿ ದುಡಿಯೋ ನಮ್ಮ ಮಂಗಳೂರು ಉಡುಪಿ ಕಡೆಯವರನ್ನ ಕೇಳಿ, ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಯಲಲ್ಲಿ ಕೆಲಸ ಬಂದ್. ಅಲ್ಲೂ ಕಟ್ಟಡ ಏಳ್ತಾನೇ ಇವೆ, ಯಾವ ಕೆಲ್ಸಾನೂ ನಿಂತಿಲ್ಲ. ನಮ್ಮಲ್ಲೂ ಬೆಳಿಗ್ಗೆ 6ಕ್ಕೆ ಶುರು ಮಾಡಿ 11ಕ್ಕೆ ಬಿಟ್ಟು ಮತ್ತೆ ಮೂರೂವರೆಗೆ ಹಿಡಿಬೋದು, ಅದೇ ಎಂಟು ಗಂಟೆ ಕೆಲಸ ಆಗುತ್ತೆ. ಆದ್ರೆ ಒಂದು ಮಾತು ಆದೇಶದಲ್ಲೇ ಬರೆದಿರಬೇಕು, ಮಧ್ಯಾಹ್ನದ ಬಿಡುವಿಗೆ ಕೂಲಿ ಹಿಡಿಯೋ ಹಂಗಿಲ್ಲ ಅಂತ. ಇಲ್ದಿದ್ರೆ ಮೇಸ್ತ್ರಿ ಅರ್ಧ ದಿನದ ಬಟವಾಡೆ ಕೊಟ್ಟು ಕಳಿಸ್ತಾನೆ, ಆಗ ಕೂಲಿಯವರೇ ಬಂದು ಬಿಸಿಲಲ್ಲಿ ಮಾಡ್ತೀವಿ ಬಿಡಿ ಸಾರ್ ಅಂತಾರೆ.

ಇದ್ರ ಜೊತೆಗೇ ಇನ್ನೊಂದು ಹೇಳ್ಬೇಕು, ಹೇಳೋಕೆ ಸಂಕೋಚ ಆದ್ರೂ ಹೇಳ್ತೀನಿ. ಸೈಟಲ್ಲಿ ಹೆಣ್ಮಕ್ಕಳು ನೀರು ಕುಡಿಯಲ್ಲ. ಬಾಯಾರಿಕೆ ಇಲ್ಲ ಅಂತಲ್ಲ, ಹೋಗೋಕೆ ಜಾಗ ಇಲ್ಲ. ಬೆಳಿಗ್ಗೆ ಬೆಳಕು ಹರಿಯೋ ಮುಂಚೆ ಹೋದ್ರೆ ಮತ್ತೆ ಕತ್ತಲಾಗೋ ತನಕ ತಡ್ಕೋಬೇಕು, ಅದಕ್ಕೇ ಇಡೀ ದಿನ ಎರಡು ಲೋಟ ನೀರಲ್ಲಿ ಕಳೀತಾರೆ, ಅದೂ ತಲೆ ಮೇಲೆ ಜೆಲ್ಲಿ ಬಾಂಡ್ಲಿ ಹೊತ್ಕೊಂಡು ಮೂರನೇ ಮಹಡಿ ಹತ್ತಿ ಇಳೀತಾ. ಉರಿ ಮೂತ್ರ, ಸೋಂಕು, ಕಿಡ್ನಿ ತೊಂದ್ರೆ ಇದೆಲ್ಲ ಎಲ್ಲಿಂದ ಬರುತ್ತೆ ಅಂತ ಡಾಕ್ಟರನ್ನ ಕೇಳೋದೇ ಬೇಡ. ನಮ್ಮವ್ವಂಗೆ ಇವತ್ತಿಗೂ ಆ ಕಾಯಿಲೆ ಬಿಟ್ಟಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ ಕುಡಿಯೋ ನೀರು, ಶೌಚಾಲಯ, ಇರೋಕೆ ಶೆಡ್ಡು, 50ಕ್ಕಿಂತ ಹೆಚ್ಚು ಹೆಣ್ಮಕ್ಕಳಿದ್ರೆ ಮಕ್ಕಳಿಗೆ ಕೋಣೆ, ಎಲ್ಲಾ ಬರ್ದಿತ್ತು. ಈಗ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಅದ್ರಲ್ಲೂ ಸುರಕ್ಷತೆ ಆರೋಗ್ಯ ಅಂತಾನೇ ಒಂದು ಸಂಹಿತೆ ಇದೆ. ಕಾನೂನಿಗೆ ಬರ ಇಲ್ಲ ಸಾರ್. ಸೈಟಿಗೆ ಬಂದು ಶೌಚಾಲಯ ಎಲ್ಲಿದೆ ತೋರ್ಸಿ ಅಂತ ಕೇಳೋ ಒಬ್ಬ ಇನ್ಸ್‌ಪೆಕ್ಟರ್‌ಗೆ ಬರ.

ಅದೂ ದೊಡ್ಡ ಅಪಾರ್ಟ್‌ಮೆಂಟು, ಟೆಕ್ ಪಾರ್ಕು, ಮೆಟ್ರೋ ಸೈಟಾದ್ರೆ ಸ್ವಲ್ಪ ಪರವಾಗಿಲ್ಲ. ಅಲ್ಲಿ ಗೇಟಲ್ಲಿ ಹೆಲ್ಮೆಟ್ ಇಲ್ದೆ ಒಳಗೆ ಬಿಡಲ್ಲ, ಬೆಳಿಗ್ಗೆ ಐದು ನಿಮಿಷ ಸೇಫ್ಟಿ ಮಾತು ಆಡ್ತಾರೆ, ಹೊಸ ಸಂಹಿತೆ ಪ್ರಕಾರ 250 ಜನ ಇರೋ ಕಡೆ ಸೇಫ್ಟಿ ಆಫೀಸರ್ ಬೇಕು. ನಾನು ಬರೀತಿರೋದು ಮುಖ್ಯವಾಗಿ ನಮ್ಮ ನಿಮ್ಮ ಬೀದಿಯ ಸೈಟ್ ಬಗ್ಗೆ. ಐದು ಜನ, ಏಳು ಜನ, ಒಬ್ಬ ಮೇಸ್ತ್ರಿ, ನೆಲ ಮಹಡಿ ಪ್ಲಸ್ ಮೂರು. 10 ಜನಕ್ಕಿಂತ ಕಡಿಮೆ ಇದ್ರೆ ಆ ಹಳೇ ಕಾಯ್ದೆನೇ ಲಾಗೂ ಆಗ್ತಿರ್ಲಿಲ್ಲ. ಆದ್ರೆ ಎರಡನೇ ಮಹಡಿ ಸಾರ್ವೆಯಿಂದ, ಅಂದ್ರೆ ನಿಂತು ಕೆಲಸ ಮಾಡೋಕೆ ಕಟ್ಟೋ ಅಟ್ಟಣಿಗೆಯಿಂದ ಬಿದ್ದೋನಿಗೆ ಆ ಸೈಟಲ್ಲಿ ಏಳು ಜನ ಇದ್ರೋ ಎಪ್ಪತ್ತು ಜನ ಇದ್ರೋ ಏನು ವ್ಯತ್ಯಾಸ? ನೆಲ ಅಷ್ಟೇ ಗಟ್ಟಿ ಇರುತ್ತೆ.

ಅಂಥ ಒಂದು ಸೈಟಲ್ಲಿ ನಡೆದಿದ್ದು ಹೇಳ್ತೀನಿ, ಹೆಸರು ಜಾಗ ಬೇಡ. ಹೊರಗಡೆ ಪ್ಲಾಸ್ಟರಿಂಗ್ ನಡೀತಿತ್ತು. ಸಾರ್ವೆ ಅಂದ್ರೆ ಕಂಬಕ್ಕೆ ಕಂಬ ತೆಂಗಿನ ಹಗ್ಗದಲ್ಲಿ ಕಟ್ಟಿ, ಮೇಲೆ ಎರಡು ಹಲಗೆ ಅಡ್ಡ ಹಾಕಿರೋದು, ಅಷ್ಟೇ. ಹಿಂದಿನ ರಾತ್ರಿ ಮಳೆ ಬಂದು ಹಲಗೆ ಜಾರ್ತಾ ಇತ್ತು, ಸೇಫ್ಟಿ ಬೆಲ್ಟ್ ಇತ್ತು, ಆದ್ರೆ ಅದು ಸ್ಟೋರ್ ರೂಮಲ್ಲಿ ಕವರ್ ಸಮೇತ ಇತ್ತು, ಯಾಕಂದ್ರೆ ಬೆಲ್ಟ್ ಹಾಕಿದ್ರೆ ಕೊಕ್ಕೆ ಸಿಗಿಸೋಕೆ ಆ ಗೋಡೆಯಲ್ಲಿ ಏನೂ ಇರ್ಲಿಲ್ಲ. ಮಧ್ಯವಯಸ್ಸಿನ ಗಾರೆಯವ್ರು, ಹಲಗೆ ಸರೀತು, ಬಿದ್ರು. ಬಿದ್ದ ತಕ್ಷಣ ಕಾಂಟ್ರಾಕ್ಟರ್ ಮಾಡಿದ ಮೊದಲ ಕೆಲಸ ಆಂಬುಲೆನ್ಸ್‌ಗೆ ಫೋನ್ ಅಲ್ಲ. ಪಕ್ಕದಲ್ಲಿದ್ದ ಹುಡುಗನ್ನ ಕರೆದು ಆಸ್ಪತ್ರೆಯಲ್ಲಿ ಬೈಕಿಂದ ಬಿದ್ರು ಅಂತ ಹೇಳು ಅಂದ. ಸೈಟಲ್ಲಿ ಬಿದ್ರು ಅಂದ್ರೆ ಪೊಲೀಸ್ ಕೇಸ್ ಆಗುತ್ತೆ, ಕೆಲಸ ನಿಲ್ಲುತ್ತೆ, ಓನರ್ ಹೆಸರು ಬರುತ್ತೆ, ಅದಕ್ಕೆ. ಬೈಕಿಂದ ಬಿದ್ರು ಅಂತ ಒಂದ್ಸಲ ಆಸ್ಪತ್ರೆ ಚೀಟಿಯಲ್ಲಿ ಬರೆದ್ಮೇಲೆ ಮುಂದೆ ಪರಿಹಾರಕ್ಕೆ ಅರ್ಜಿ ಹಾಕೋಕೂ ದಾರಿ ಮುಚ್ತು. ಅವ್ರು ಬದುಕಿದ್ರು, ಸೊಂಟ ನೆಟ್ಟಗಾಗಲಿಲ್ಲ. ಈಗ ಊರಲ್ಲಿ ಮಗನ ಗೂಡಂಗಡಿಯಲ್ಲಿ ಕೂತಿರ್ತಾರೆ. ಸರ್ಕಾರದ ಯಾವ ಅಂಕಿಅಂಶದಲ್ಲೂ ಅವ್ರಿಲ್ಲ.

ಸುದ್ದಿ ಆಗೋದು ಒಟ್ಟಿಗೆ ಹಲವರು ಸತ್ತಾಗ ಮಾತ್ರ. 2024ರ ಅಕ್ಟೋಬರಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 9 ಜನ ಹೋದ್ರು, ಅನುಮತಿ ಮೀರಿ ಮಹಡಿ ಏರಿಸಿದ್ರು ಅನ್ನೋದು ಆಮೇಲೆ ಹೊರಗೆ ಬಂತು. ಅದೇ ವರ್ಷ ಜುಲೈಯಲ್ಲಿ ಮಂಗಳೂರಿನ ಬಲ್ಮಠದಲ್ಲಿ ಮಣ್ಣು ಕುಸಿದು ಇಬ್ಬರು ಒಳಗೆ ಸಿಕ್ಕಾಕ್ಕೊಂಡ್ರು, ಒಬ್ಬರನ್ನ ಮಾತ್ರ ಜೀವಂತ ತೆಗೆಯೋಕಾಯ್ತು. 2019ರ ಜೂನಲ್ಲಿ ಪುಣೆಯ ಕೊಂಢ್ವಾದಲ್ಲಿ ಮಳೆಗೆ ಕಾಂಪೌಂಡ್ ಗೋಡೆ ಲೇಬರ್ ಶೆಡ್ ಮೇಲೆ ಬಿದ್ದು 15 ಜನ ಸತ್ರು, ಮಕ್ಕಳೂ ಇದ್ರು, ಮಲಗಿದ್ದಲ್ಲೇ. ಇಷ್ಟೆಲ್ಲ ಆಗಿಯೂ ಇವತ್ತು ಬೆಂಗಳೂರಲ್ಲಿ ಒಂದು ಸುತ್ತು ಹಾಕಿ ನೋಡಿ, ಎಷ್ಟು ಕಡೆ ಶೆಡ್ ಅದೇ ಥರ ಕಾಂಪೌಂಡ್ ಗೋಡೆಗೆ ಒತ್ತಿ ಹಾಕಿರ್ತಾರೆ, ಗೋಡೆ ಆಚೆ ಬೇಸ್‌ಮೆಂಟಿಗೆ ಅಗೆದ ಮಣ್ಣು ಗುಡ್ಡೆ ಹಾಕಿರ್ತಾರೆ. ಮಳೆಗಾಲಕ್ಕೆ ಮುಂಚೆ ಇದೊಂದನ್ನ ತಿರುಗಿ ನೋಡೋಕೆ ಪಾಲಿಕೆಗೆ ಎಷ್ಟು ಖರ್ಚಾಗುತ್ತೆ?

ದುಡ್ಡಿಲ್ಲ ಅನ್ನೋ ಮಾತು ಮಾತ್ರ ಹೇಳ್ಬೇಡಿ. ಕಟ್ಟಡದ ವೆಚ್ಚದಲ್ಲಿ ಶೇಕಡಾ 1ರಷ್ಟು ಸೆಸ್ ಅಂತ ತಗೋತೀರಲ್ಲ, 1 ಕೋಟಿಯ ಕಟ್ಟಡಕ್ಕೆ 1 ಲಕ್ಷ, ಅದು ಕಾರ್ಮಿಕರಿಗೋಸ್ಕರನೇ ಇರೋ ದುಡ್ಡು. 2018ರ ಮಾರ್ಚಲ್ಲಿ ಸುಪ್ರೀಂ ಕೋರ್ಟ್ ಇದ್ರ ಬಗ್ಗೆ ತೀರ್ಪು ಕೊಟ್ಟಾಗ ಇಡೀ ದೇಶದಲ್ಲಿ 37,400 ಕೋಟಿಗೂ ಹೆಚ್ಚು ಸಂಗ್ರಹ ಆಗಿತ್ತು, ಕಾರ್ಮಿಕರಿಗೆ ಖರ್ಚಾಗಿದ್ದು 9,500 ಕೋಟಿ ಆಸುಪಾಸು. ನಮ್ಮ ರಾಜ್ಯದಲ್ಲಿ ಮಂಡಳಿ ಶುರುವಾಗಿದ್ದು 2007ರಲ್ಲಿ. ಮದುವೆಗೆ, ಹೆರಿಗೆಗೆ, ಮಕ್ಕಳ ಓದಿಗೆ, ಅಂತ್ಯಕ್ರಿಯೆಗೆ ಸಹಾಯಧನ ಇದೆ, ಎಷ್ಟೋ ಮನೆಗಳಿಗೆ ಅದ್ರಿಂದ ಉಪಕಾರ ಆಗಿದೆ, ಇಲ್ಲ ಅನ್ನಲ್ಲ. ಆದ್ರೆ ಆ ಪಟ್ಟಿ ಇನ್ನೊಂದ್ಸಲ ಓದಿ ನೋಡಿ. ಬಿದ್ದ ಮೇಲೆ, ಕೈಕಾಲು ಹೋದ ಮೇಲೆ, ಸತ್ತ ಮೇಲೆ ಸಿಗೋದೇ ಜಾಸ್ತಿ. ಬೀಳದ ಹಂಗೆ ನೋಡ್ಕೊಳೋಕೆ ಆ ದುಡ್ಡಲ್ಲಿ ಎಷ್ಟು ಹೋಗ್ತಿದೆ?

ಈ ಸಹಾಯ ಸಿಗೋಕೆ ಬೇಕಾದ ಮಂಡಳಿಯ ಲೇಬರ್ ಕಾರ್ಡಿನ ಕಥೆನೂ ನಿಮಗೆ ಗೊತ್ತಿರೋದೇ. ವರ್ಷಕ್ಕೆ 90 ದಿನ ಕೆಲಸ ಮಾಡಿದ್ದಕ್ಕೆ ಸರ್ಟಿಫಿಕೇಟ್ ಬೇಕು. ತಿಂಗಳಿಗೊಂದು ಸೈಟ್ ಬದಲಾಯಿಸೋ ಹೆಲ್ಪರ್ ಹೆಣ್ಮಗಳಿಗೆ ಯಾರು ಸಹಿ ಹಾಕ್ತಾರೆ? ಹಾಕಿದ್ರೆ ನಾಳೆ ನಮ್ಮ ತಲೆಗೆ ಬರುತ್ತೆ ಅಂತ ಓನರೂ ಹಾಕಲ್ಲ, ಕಾಂಟ್ರಾಕ್ಟರೂ ಹಾಕಲ್ಲ. ಇತ್ತ ಒಂದು ದಿನ ಕರಣೆ ಹಿಡೀದೋರಿಗೆ ಕಾರ್ಡ್ ಇದೆ, ಬೋಗಸ್ ಕಾರ್ಡ್ ಇದೆ ಅಂತ ಸರ್ಕಾರವೇ ಒಪ್ಕೊಂಡು ರದ್ದು ಮಾಡ್ತಾ ಇದೆ. ರದ್ದು ಮಾಡೋದರ ಜೊತೆಗೆ ಬೆಳಿಗ್ಗೆ 7 ಗಂಟೆಗೆ, ಕೂಲಿಯವರು ಕೆಲಸಕ್ಕೆ ಕಾಯ್ತಾ ನಿಲ್ಲೋ ಲೇಬರ್ ಅಡ್ಡಾಗೆ ಬಂದು ನಿಂತು, ಅಲ್ಲೇ ನೋಡಿ ಅಲ್ಲೇ ಕಾರ್ಡ್ ಮಾಡ್ಕೊಡಿ. ಸಿಮೆಂಟ್ ಮೆತ್ತಿದ ಕೈ ನೋಡಿದ್ರೆ ಸಾಕು, ಬೇರೆ ಸರ್ಟಿಫಿಕೇಟ್ ಯಾಕೆ.

ಆ ಕೈ ಬಗ್ಗೆನೂ ಹೇಳ್ತೀನಿ. ಹಸಿ ಸಿಮೆಂಟು ಸುಣ್ಣದ ಥರ ಚರ್ಮ ಸುಡುತ್ತೆ, ಬೆರಳ ಸಂದಿಯಲ್ಲಿ ಬಿರುಕು ಬಿಟ್ಟು ರಕ್ತ ಬರುತ್ತೆ, ರಾತ್ರಿ ಕೊಬ್ಬರಿ ಎಣ್ಣೆ ಹಚ್ಕೊಂಡು ಮಲ್ಕೋತಾರೆ. ವರ್ಷಗಟ್ಲೆ ಕೆಲಸ ಮಾಡಿದ ಗಾರೆಯವರ ಬೆರಳಚ್ಚೇ ಸವೆದು ಹೋಗಿರುತ್ತೆ, ರೇಷನ್ ಅಂಗಡಿಯಲ್ಲಿ ಮೆಷಿನ್ ಮೇಲೆ ಬೆರಳು ಇಟ್ರೆ ತಗೊಳಲ್ಲ, ಒರೆಸಿ ಒರೆಸಿ ಇಡ್ತಾರೆ, ಹಿಂದೆ ಕ್ಯೂನಲ್ಲಿ ನಿಂತೋರು ಬೈತಾರೆ. ಒಂದು ಜೊತೆ ರಬ್ಬರ್ ಗ್ಲೌಸಿಗೆ ಎಷ್ಟು ಮಹಾ ದುಡ್ಡು ಆಗುತ್ತೆ? ಇದು ಕಣ್ಣಿಗೆ ಕಾಣೋ ತೊಂದ್ರೆ. ಕಾಣದೇ ಇರೋದು ಧೂಳು. ಮನೆಗೆ ಗ್ರಾನೈಟ್ ಟೈಲ್ಸ್ ಹಾಕಿಸುವಾಗ ಕಟಿಂಗ್ ಮೆಷಿನ್ ಹಿಡ್ಕೊಂಡು ಕೂತಿರ್ತಾನಲ್ಲ ಹುಡುಗ, ಮೂಗಿಗೆ ಕರ್ಚೀಫ್ ಕಟ್ಕೊಂಡು, ಹುಬ್ಬು ರೆಪ್ಪೆ ಎಲ್ಲ ಬೆಳ್ಳಗಾಗಿ, ಅವನು ಎಳ್ಕೊಳೋ ಧೂಳಲ್ಲಿ ಸಿಲಿಕಾ ಇರುತ್ತೆ, ಅದು ಶ್ವಾಸಕೋಶದಲ್ಲಿ ಕೂತು ಗಾಯ ಮಾಡುತ್ತೆ, ಸಿಲಿಕೋಸಿಸ್ ಅಂತಾರೆ, ಒಂದ್ಸಲ ಬಂದ್ರೆ ವಾಸಿ ಆಗೋ ಕಾಯಿಲೆ ಅಲ್ಲ, ಅದಿದ್ದೋರಿಗೆ ಟಿಬಿ ಬರೋದೂ ಜಾಸ್ತಿ. ಕರ್ಚೀಫು ಆ ಸಣ್ಣ ಧೂಳನ್ನ ತಡೆಯೋದೇ ಇಲ್ಲ. ಬ್ಲೇಡ್ ಮೇಲೆ ಸಣ್ಣಗೆ ನೀರು ಬಿಟ್ಟುಕೊಂಡು ಕತ್ತರಿಸಿದ್ರೆ ಧೂಳು ಬಹಳ ಕಮ್ಮಿ ಏಳುತ್ತೆ. ಮನೆ ಓನರ್ ಒಬ್ರು ನೀರು ಹಾಕಿ ಕಟ್ ಮಾಡಪ್ಪ, ಮಾಸ್ಕ್ ತಗೋ ಅಂತ ಹೇಳಿದ್ರೆ ಸಾಕು, ಹುಡುಗ ಮಾಡ್ತಾನೆ. ಆದ್ರೆ ಆ ನೀರು, ಕರೆಂಟ್ ಎರಡೂ ಸೇರ್ತವೆ, ಅದಕ್ಕೇ ಪ್ಲಗ್ ಇಲ್ದೆ ಬರೀ ವೈರನ್ನ ಸಾಕೆಟ್‌ಗೆ ಕಡ್ಡಿ ಸಿಕ್ಕಿಸಿ ಕೊಡೋದು ನಿಲ್ಬೇಕು, ಕರೆಂಟ್ ಸೋರಿದ ತಕ್ಷಣ ಲೈನ್ ಕಟ್ ಮಾಡೋ ಆರ್‌ಸಿಸಿಬಿ ಅನ್ನೋ ಸ್ವಿಚ್ ಒಂದು ಟೆಂಪರರಿ ಬೋರ್ಡಲ್ಲಿ ಇರ್ಲೇಬೇಕು. ಲಕ್ಷಗಟ್ಲೆ ಖರ್ಚು ಮಾಡಿ ಮನೆ ಕಟ್ಟಿಸೋರಿಗೆ ಇದು ಹೊರೆ ಅಲ್ಲ.

ಮಂಡಳಿಯ ಸಂಚಾರಿ ಆರೋಗ್ಯ ಗಾಡಿಗಳು ಇವೆ, ಒಳ್ಳೇದೇ. ಆದ್ರೆ ಅವು ಮಧ್ಯಾಹ್ನ ಬಂದ್ರೆ ಕೆಲಸ ಬಿಟ್ಟು ಯಾರು ಬರ್ತಾರೆ, ಕೂಲಿ ಹೋಗುತ್ತಲ್ಲ. ಸಂಜೆ 7ಕ್ಕೆ ಶೆಡ್ ಹತ್ರ ಬರ್ಲಿ, ಭಾನುವಾರ ಬರ್ಲಿ. ಬರೀ ಬಿಪಿ ಶುಗರ್ ನೋಡಿ ಮಾತ್ರೆ ಕೊಡೋದಲ್ಲ, ಕೊಳವೆ ಊದಿಸಿ ಶ್ವಾಸಕೋಶ ನೋಡೋ ಪರೀಕ್ಷೆ ಮಾಡ್ಲಿ, ಚರ್ಮ ನೋಡ್ಲಿ, ಹೆಣ್ಮಕ್ಕಳಿಗೆ ಲೇಡಿ ಡಾಕ್ಟರ್ ಇರ್ಲಿ.

ಈಗ ಯಾರೂ ಮಾತಾಡದ ವಿಷಯ, ಮನಸ್ಸು. ಮೇಲಿಂದ ಒಬ್ಬ ಬಿದ್ದು ಸತ್ತ ಸೈಟಲ್ಲಿ ಮಾರನೇ ದಿನ ನೆಲ ತೊಳೆದು ಕೆಲಸ ಶುರು ಆಗುತ್ತೆ. ಅವನ ಜೊತೆ ಒಂದೇ ತಟ್ಟೆಯಲ್ಲಿ ಉಂಡ ಹುಡುಗ ಅದೇ ಸಾರ್ವೆ ಹತ್ತಬೇಕು. ಯಾದಗಿರಿ ಕಡೆಯ ಒಬ್ಬ ಹುಡುಗ ಹೀಗೇ ಆದ್ಮೇಲೆ ನನ್ನ ಹತ್ರ ಬಂದು "ಅಣ್ಣಾ, ನಿದ್ದಿ ಬರವಲ್ದು, ಕಣ್ಣು ಮುಚ್ಚಿದ್ರ ಅವನ ಚಪ್ಲಿನೇ ಕಾಣಸ್ತಾವು" ಅಂದ. ಕೈ ನಡುಗ್ತಿತ್ತು. ಮೇಸ್ತ್ರಿ ಒಂದು ಕ್ವಾರ್ಟರ್ ಕುಡಿ, ಸರಿ ಹೋಗ್ತದ ಅಂದ, ಮೇಸ್ತ್ರಿಗೆ ಗೊತ್ತಿದ್ದ ಔಷಧಿ ಅದೊಂದೇ. ಹುಡುಗ ಊರಿಗೆ ಹೋಗ್ತೀನಿ ಅಂದ್ರೆ ಹೋಗೋಕಿಲ್ಲ, ಯಾಕಂದ್ರೆ ಅಕ್ಕನ ಮದುವೆಗೆ ಮೇಸ್ತ್ರಿ ಹತ್ರ ಮುಂಗಡ ತಗೊಂಡಿದ್ದ, ಅದು ತೀರೋ ತನಕ ಅವನ ಮೈ ಅವನದಲ್ಲ. ಸಾಲ, ಊರಿನ ಚಿಂತೆ, ತಗಡಿನ ಶೆಡ್ಡಲ್ಲಿ ಹತ್ತು ಜನರ ಮಧ್ಯೆ ಒಂಟಿತನ, ನಾಳೆ ಕೆಲಸ ಇದೆಯೋ ಇಲ್ವೋ ಗೊತ್ತಿಲ್ಲ, ಮಳೆ ಬಂದ್ರೆ ಕೂಲಿ ಇಲ್ಲ, ಇದೆಲ್ಲ ಸೇರಿ ಶನಿವಾರ ಬಟವಾಡೆ ಆದ ಮೇಲೆ ಕುಡಿತಕ್ಕೆ ಹೋಗುತ್ತೆ, ಆಮೇಲೆ ಎಲ್ರೂ ಸೇರಿ ಲೇಬರ್‌ಗಳೇ ಹಿಂಗೆ, ಕುಡುಕರು ಅಂತಾರೆ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತೋರು 1,70,924 ಜನ, ಅದ್ರಲ್ಲಿ ನಾಲ್ಕರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ದಿನಗೂಲಿಯವರು. ಅವರೆಲ್ಲ ಕಟ್ಟಡದವರೇ ಅಂತ ನಾನು ಹೇಳ್ತಿಲ್ಲ. ಆದ್ರೆ ದಿನಗೂಲಿ ಅಂದ್ರೆ ನಮ್ಮ ಕಡೆ ಗುಳೆ ಹೋಗಿ ಕಟ್ಟಡ ಕೆಲಸ ಮಾಡೋರೇ ಎಷ್ಟು ಜನ ಅಂತ ಯಾವ ಊರಲ್ಲಿ ಕೇಳಿದ್ರೂ ಗೊತ್ತಾಗುತ್ತೆ.

2020ರ ಮೇ ತಿಂಗಳಲ್ಲಿ, ಕೊರೋನಾ ಲಾಕ್‌ಡೌನ್ ಹೊತ್ತಲ್ಲಿ, ಇವರೆಲ್ಲ ಊರಿಗೆ ಹೋಗ್ತೀವಿ ಅಂತ ನಿಂತಾಗ ಆಗಿನ ರಾಜ್ಯ ಸರ್ಕಾರ ಬಿಲ್ಡರ್‌ಗಳ ಜೊತೆ ಮೀಟಿಂಗ್ ಆದ್ಮೇಲೆ ವಲಸೆ ಕಾರ್ಮಿಕರನ್ನ ಊರಿಗೆ ಮುಟ್ಟಿಸೋ ಶ್ರಮಿಕ ರೈಲುಗಳನ್ನೇ ಬೇಡ ಅಂದಿತ್ತು, ಎಲ್ಲ ಕಡೆಯಿಂದ ಬೈಗುಳ ಬಿದ್ದ ಮೇಲೆ ಮತ್ತೆ ಬಿಟ್ರು. ಆ ಕೆಲವು ದಿನ ಶೆಡ್ಡುಗಳಲ್ಲಿ ಗಂಡಸರು ಅತ್ತಿದ್ದು ನಾನು ನೋಡಿದೀನಿ. ಊರಿಗೆ ಹೋಗ್ಬೇಕು ಅನ್ನೋದಕ್ಕೂ ಇನ್ನೊಬ್ಬರ ಅಪ್ಪಣೆ ಬೇಕು ಅನ್ನೋದು ಮನುಷ್ಯನ ಒಳಗೆ ಏನು ಮಾಡುತ್ತೆ ಅಂತ ಅಲ್ಲಿದ್ದೋರಿಗೆ ಗೊತ್ತು.

ಸಹಾಯ ಇಲ್ಲ ಅಂತಲ್ಲ. ಮನಸ್ಸಿನ ಕಷ್ಟಕ್ಕೆ ಫೋನಲ್ಲೇ ಸಹಾಯ ಮಾಡೋ ಟೆಲಿ ಮಾನಸ್ ಅಂತ ಸರ್ಕಾರದ ಸೇವೆ ಇದೆ, ನಂಬರ್ 14416, 2022ರಿಂದ ನಡೀತಿದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬೋದು, ಹಿಂದಿ ತೆಲುಗೂ ಇದೆ. ಅದನ್ನ ನೋಡ್ಕೊಳೋದು ನಮ್ಮ ನಿಮ್ಹಾನ್ಸ್. ಕಲ್ಯಾಣ ಮಂಡಳಿಯ ಕಚೇರಿ ಇರೋದೂ ಡೈರಿ ಸರ್ಕಲ್ ಹತ್ರ, ನಿಮ್ಹಾನ್ಸ್ ಇರೋದೂ ಅಲ್ಲೇ ಪಕ್ಕದಲ್ಲಿ. ಇಷ್ಟು ಹತ್ತಿರ ಇದ್ದೂ ನಾನು ಕೆಲಸ ಮಾಡಿದ ಒಂದೇ ಒಂದು ಸೈಟಲ್ಲೂ ಆ ನಂಬರ್ ಗೋಡೆ ಮೇಲೆ ನೋಡಿಲ್ಲ. ಮಂಡಳಿಯವರು ನಿಮ್ಹಾನ್ಸ್ ಜೊತೆ ಕೂತು ಮಾತಾಡಿ, ಮೇಸ್ತ್ರಿಗಳಿಗೆ ಮೊದಲು ತರಬೇತಿ ಕೊಡಿ, ಯಾಕಂದ್ರೆ ಹುಡುಗ್ರು ಕಷ್ಟ ಹೇಳ್ಕೊಳೋದು ಡಾಕ್ಟರ್ ಹತ್ರ ಅಲ್ಲ, ಮೇಸ್ತ್ರಿ ಹತ್ರ. ನಿದ್ದೆ ಇಲ್ಲ, ಊಟ ಸೇರ್ತಿಲ್ಲ, ಸಾಯೋ ಮಾತಾಡ್ತಾನೆ ಅಂದ್ರೆ ಬಾಟ್ಲಿ ಕೊಡೋದಲ್ಲ, ಫೋನ್ ಹಚ್ಚಿ ಕೊಡೋದು ಅಂತ ಅವರಿಗೆ ಗೊತ್ತಾಗ್ಲಿ. ಸಾವು ಆದ ಸೈಟಲ್ಲಿ ಕಡೇಪಕ್ಷ ಮೂರು ದಿನ ಕೂಲಿ ಸಮೇತ ರಜೆ, ಜೊತೆಗಿದ್ದೋರ ಹತ್ರ ಮಾತಾಡೋಕೆ ಒಬ್ಬ ಕೌನ್ಸೆಲರ್, ಇದನ್ನ ನಿಯಮ ಮಾಡಿ.

ಸಚಿವರೇ, ಹೊಸ ಕಾನೂನು ಕೇಳ್ತಿಲ್ಲ ನಾನು. ಸೆಸ್ ತಗೊಳೋ ಅದೇ ಕೌಂಟರಲ್ಲಿ, ಪ್ಲಾನ್ ಪಾಸ್ ಮಾಡೋ ಅದೇ ಟೇಬಲ್ ಮೇಲೆ, ಸಾರ್ವೆ ಹೇಗೆ ಕಟ್ತೀರಿ, ಲಿಫ್ಟ್ ಡಕ್ಟಿಗೆ ಅಡ್ಡ ಏನು ಹಾಕ್ತೀರಿ, ಶೌಚಾಲಯ ಎಲ್ಲಿ, ಶೆಡ್ ಎಲ್ಲಿ ಅಂತ ಒಂದು ಹಾಳೆ ಬರೆಸ್ಕೊಳ್ಳಿ, ಎಷ್ಟೇ ಜನ ಇರ್ಲಿ, ಎಷ್ಟೇ ಸಣ್ಣ ಸೈಟಿರ್ಲಿ. ಟೆಂಪರರಿ ಕರೆಂಟ್ ಕೊಡೋಕೆ ಬರೋ ಲೈನ್‌ಮನ್ ಹೆಂಗೂ ಸೈಟಿಗೆ ಬರ್ತಾರೆ, ಆಗ್ಲೇ ಆ ಹಾಳೇಲಿ ಬರೆದಿದ್ದೆಲ್ಲ ಇದೆಯಾ ನೋಡಿ ಫೋಟೋ ಹಾಕ್ಲಿ, ಇಲ್ದಿದ್ರೆ ಕರೆಂಟ್ ಬೇಡ. ಸೆಸ್ ದುಡ್ಡಲ್ಲೇ ವಾರ್ಡಿಗೊಂದು ಕಡೆ ಕಬ್ಬಿಣದ ಸಾರ್ವೆ, ನೆಟ್, ಬೆಲ್ಟ್ ಬಾಡಿಗೆ ಇಲ್ದೆ ಸಿಗೋ ಹಂಗೆ ಮಾಡಿ, ಸಣ್ಣ ಮೇಸ್ತ್ರಿಗಳು ಖಂಡಿತ ತಗೊಂಡು ಹೋಗ್ತಾರೆ, ಅವರಿಗೂ ತಮ್ಮ ಹುಡುಗ್ರು ಬೀಳೋದು ಬೇಕಾಗಿಲ್ಲ. ಆಸ್ಪತ್ರೆಗಳಿಗೆ ಒಂದು ಸುತ್ತೋಲೆ ಕಳಿಸಿ, ಬಿದ್ದು ಬಂದ ಕೂಲಿಯವರನ್ನ ಜೊತೆಗೆ ಬಂದೋರನ್ನ ಹೊರಗೆ ಕಳಿಸಿ ಒಬ್ಬರನ್ನೇ ಕೇಳ್ಲಿ, ಎಲ್ಲಿ ಬಿದ್ರಿ ಅಂತ.

ಮನೆ ಕಟ್ಟಿಸ್ತಾ ಇರೋರೇ, ಸಚಿವರು ಮಾಡೋ ತನಕ ನೀವು ಕಾಯ್ಬೇಡಿ. ನಾಳೆ ಸೈಟಿಗೆ ಹೋದಾಗ ಟೈಲ್ಸ್ ಕಲರ್ ನೋಡೋ ಮುಂಚೆ ಸಂಪಿನ ಮುಚ್ಚಳ ಇದೆಯಾ ನೋಡಿ, ಅಲ್ಲಿ ಆಡ್ತಿರೋ ವಾಚ್‌ಮನ್ ಮಕ್ಕಳಿಗೋಸ್ಕರ. ಮೆಟ್ಟಿಲಿಗೆ, ಬಾಲ್ಕನಿಗೆ ಒಂದು ಹಗ್ಗನಾದ್ರೂ ಅಡ್ಡ ಕಟ್ಟಿಸಿ. ಕುಡಿಯೋ ನೀರಿನ ಕ್ಯಾನ್ ತರ್ಸಿ. ಅಗ್ರಿಮೆಂಟ್ ಮಾಡುವಾಗ ಚದರಕ್ಕೆ ಎಷ್ಟು ಅಂತ ಚೌಕಾಸಿ ಮಾಡ್ತೀರಲ್ಲ, ಅದ್ರಲ್ಲಿ ಬೆಲ್ಟು, ಹೆಲ್ಮೆಟ್ಟು, ಶೌಚಾಲಯ ಸೇರ್ಸಿ ಬರೆಸಿ, ಅದಕ್ಕೆ ಬೇರೆ ದುಡ್ಡು ಕೊಡಿ, ಕೊಟ್ಟಿದ್ದು ಬಳಕೆ ಆಗ್ತಿದೆಯಾ ಅಂತ ಕೇಳಿ. ಮೇಸ್ತ್ರಿ ಮಾತು ಕೇಳೋದು ದುಡ್ಡು ಕೊಡೋರದ್ದು, ನನ್ನಂಥ ಸೂಪರ್‌ವೈಸರ್ ಮಾತಲ್ಲ.

ಮುಂದಿನ ಬೇಸಿಗೆಗೆ ಕಚೇರಿ ಟೈಮ್ ಬದಲಾಯಿಸೋ ಫೈಲ್ ನಿಮ್ಮ ಸರ್ಕಾರದಲ್ಲಿ ಹೆಂಗೂ ಓಡಾಡುತ್ತೆ. ಅದ್ರ ಜೊತೆಗೇ ಕಾರ್ಮಿಕ ಇಲಾಖೆಯಿಂದ ಕಟ್ಟಡದವರ ಆದೇಶನೂ ಹೊರಡ್ಲಿ, ಫೆಬ್ರವರಿ ಮುಗಿಯೋದ್ರೊಳಗೆ, ಕೂಲಿ ಕಡಿತ ಇಲ್ಲ ಅನ್ನೋ ಸಾಲು ಸೇರಿಸಿ. ಉತ್ತರಕ್ಕೆ ಕಾಯ್ತಿರ್ತೀನಿ.

ಇಂತಿ,
ರಾಯಚೂರು ಜಿಲ್ಲೆಯ ಒಬ್ಬ ಗಾರೆ ಮೇಸ್ತ್ರಿ ಮಗ